ಎದೆಬಡಿತ ತಾಳ ತಪ್ಪುವ ಅಪಾಯ: ರಕ್ತ ಮತ್ತು ವಂಶವಾಹಿ ವರದಿಗಳನ್ನು ಓದುವುದು ಹೇಗೆ?

ಲ್ಯಾಬಿನ ವರದಿಯಲ್ಲಿ ಉರಿಯೂತವನ್ನು ಸೂಚಿಸುವ ‘ಎಚ್‌ಎಸ್-ಸಿಆರ್‌ಪಿ 4.2’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಎಂಜಲಿನ ಮಾದರಿ ಕಳುಹಿಸಿ ತರಿಸಿಕೊಂಡ ವಂಶವಾಹಿ ವರದಿಯಲ್ಲಿ ‘ಏಟ್ರಿಯಲ್ ಫಿಬ್ರಿಲೇಷನ್ ಅಪಾಯ ಸರಾಸರಿಗಿಂತ ಹೆಚ್ಚು’ ಎಂಬ ಸಾಲಿದೆ. ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದವರ ಎದೆ ಡವಡವ ಎನ್ನುವುದು ಸಹಜ. ಆದರೆ ಆ ಡವಡವ ತಾಳದಲ್ಲಿದೆಯೇ, ತಪ್ಪಿದೆಯೇ ಎಂಬುದನ್ನು ಆ ಎರಡು ಕಾಗದಗಳಲ್ಲಿ ಒಂದೂ ಹೇಳಲಾರದು.

ಈ ಲೇಖನ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಒಂದು ತೊಂದರೆಗೆ ಸೀಮಿತ. ದೀರ್ಘಕಾಲ ಕಾಡುವ ಲಯದೋಷಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಹೃದಯದ ಮೇಲ್ಭಾಗದ ಎರಡು ಹೃತ್ಕರ್ಣಗಳು ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು ಅಡ್ಡಾದಿಡ್ಡಿ ಕಂಪಿಸತೊಡಗುತ್ತವೆ. ಅಲ್ಲಿ ರಕ್ತ ಸರಾಗವಾಗಿ ಹರಿಯದೆ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು. ಈ ಲಯದೋಷ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನ 1991ರಲ್ಲಿ ತೋರಿಸಿತು. ಹಾಗಾಗಿ ಅಪಾಯವನ್ನು ಮುಂಚೆಯೇ ಅಳೆಯುವ ಆಸೆ ಅರ್ಥವಾಗುವಂಥದ್ದು. ಪರೀಕ್ಷೆಗಳ ಪಟ್ಟಿಯೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಆ ಪಟ್ಟಿಯಲ್ಲಿ ಆಯ್ಕೆ ಮಾಡಲು ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಪರೀಕ್ಷೆಗೆ ಅವಸರವಿಲ್ಲ.

ಹೆಜ್ಜೆ 1: ಮೊದಲು ನಾಡಿ, ಆಮೇಲೆ ಸೂಜಿ

ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋರುಬೆರಳು ಮತ್ತು ನಡುಬೆರಳನ್ನು ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಇಟ್ಟು ಪೂರ್ತಿ 60 ಸೆಕೆಂಡು ನಾಡಿ ನೋಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನಾವು ಹುಡುಕುತ್ತಿರುವುದು ಬಡಿತಗಳ ನಡುವಿನ ಅಂತರವನ್ನು. ಉಸಿರು ಎಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ತುಸು ನಿಧಾನವಾಗುವುದು ಆರೋಗ್ಯವಂತರಲ್ಲೂ ಇದೆ. ನಡುವೆ ಎಲ್ಲೋ ಒಂದು ಬಡಿತ ತಪ್ಪಿದಂತಾಗಿ ಮತ್ತೆ ಕ್ರಮಕ್ಕೆ ಬರುವುದೂ ಅಪರೂಪವಲ್ಲ. ಒಂದು ಅಂತರಕ್ಕೂ ಮುಂದಿನ ಅಂತರಕ್ಕೂ ಯಾವ ಹೊಂದಾಣಿಕೆಯೂ ಇಲ್ಲದೆ, ಇಡೀ ನಿಮಿಷ ನಾಡಿ ಗೊಂದಲದಲ್ಲೇ ಓಡುತ್ತಿದ್ದರೆ ಮಾತ್ರ ಅನುಮಾನಕ್ಕೆ ಆಸ್ಪದವಿದೆ.

ಅನುಮಾನವನ್ನು ಖಚಿತಪಡಿಸುವುದು ಇಸಿಜಿ. ಹನ್ನೆರಡು ಲೀಡ್‌ಗಳ ಪೂರ್ಣ ಇಸಿಜಿಯಲ್ಲಿ ಅಥವಾ ಕನಿಷ್ಠ 30 ಸೆಕೆಂಡಿನ ಒಂದು ಲೀಡಿನ ದಾಖಲೆಯಲ್ಲಿ ಈ ಲಯ ಕಾಣಿಸಿದರೆ ವೈದ್ಯರು ರೋಗವನ್ನು ಹೆಸರಿಸುತ್ತಾರೆ. ತೊಂದರೆ ಏನೆಂದರೆ, ಇದು ಬಂದು ಹೋಗುವ ಅತಿಥಿಯಾಗಿರಬಹುದು. ಕ್ಲಿನಿಕ್ಕಿನಲ್ಲಿ ಮಲಗಿದ ಹೊತ್ತಿನಲ್ಲಿ ಎಲ್ಲವೂ ಸರಿಯಿರುತ್ತದೆ. ಆಗ ಒಂದು ದಿನದಿಂದ ಎರಡು ವಾರದವರೆಗೆ ಮೈಮೇಲೆ ಧರಿಸಿ ಇಸಿಜಿಯನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಅಥವಾ ಪ್ಯಾಚ್ ಯಂತ್ರ ನೆರವಿಗೆ ಬರುತ್ತದೆ. ಸ್ಮಾರ್ಟ್ ಕೈಗಡಿಯಾರದ ಎಚ್ಚರಿಕೆಯನ್ನು ಅಸಡ್ಡೆ ಮಾಡಬೇಡಿ, ಆದರೆ ಅದನ್ನೇ ರೋಗನಿರ್ಣಯ ಎಂದುಕೊಳ್ಳಲೂಬೇಡಿ. ಗಡಿಯಾರ ದಾಖಲಿಸಿದ ಇಸಿಜಿ ಪಟ್ಟಿಯನ್ನು ಉಳಿಸಿಕೊಂಡು ವೈದ್ಯರಿಗೆ ತೋರಿಸಿ.

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಎದೆನೋವು, ಪ್ರಜ್ಞೆ ತಪ್ಪುವುದು, ಏದುಸಿರು: ಇವುಗಳಲ್ಲಿ ಯಾವುದೇ ಕಂಡರೂ ಈ ಲೇಖನವನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಹೆಜ್ಜೆ 2: ನಿರ್ಧಾರ ಬದಲಿಸಬಲ್ಲ ರಕ್ತ ಪರೀಕ್ಷೆಗಳಿಂದ ಆರಂಭಿಸಿ

ವಂಶವಾಹಿ, ಉರಿಯೂತ ಎಂಬ ದೊಡ್ಡ ಮಾತುಗಳ ಮಧ್ಯೆ ಥೈರಾಯ್ಡ್ ಪರೀಕ್ಷೆ ಮರೆತುಹೋಗುವುದುಂಟು. ಅದು ಪಟ್ಟಿಯ ಮೊದಲಲ್ಲಿರಬೇಕು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹೃತ್ಕರ್ಣ ಕೆರಳುತ್ತದೆ. ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್‌ನ ಮಟ್ಟ ಕುಸಿಯುತ್ತದೆ. 60 ದಾಟಿದವರಲ್ಲಿ ಟಿಎಸ್‌ಎಚ್ ಲೀಟರಿಗೆ 0.1 ಮಿಲಿಯುನಿಟ್ ಅಥವಾ ಅದಕ್ಕಿಂತ ಕೆಳಗಿದ್ದರೆ ಮುಂದಿನ ಹತ್ತು ವರ್ಷಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು 1994ರಲ್ಲಿ ಪ್ರಕಟವಾದ ಫ್ರೇಮಿಂಗ್‌ಹ್ಯಾಮ್ ವಿಶ್ಲೇಷಣೆ ಹೇಳಿತು. ಥೈರಾಯ್ಡಿಗೆ ಚಿಕಿತ್ಸೆ ಇದೆ, ಆದ್ದರಿಂದ ಈ ಸಂಖ್ಯೆ ಕೈಗೆ ಸಿಕ್ಕರೆ ಮಾಡುವ ಕೆಲಸವೂ ಬದಲಾಗುತ್ತದೆ. ಥೈರಾಯ್ಡ್ ಮಾತ್ರೆಯನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರಲ್ಲಿ ಡೋಸ್ ಹೆಚ್ಚಾದರೂ ಇದೇ ಪರಿಣಾಮ.

ಪೊಟ್ಯಾಸಿಯಂ, ಮೆಗ್ನೀಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ರಕ್ತಕಣಗಳ ಪೂರ್ಣ ಎಣಿಕೆ, ಮಧುಮೇಹಕ್ಕಾಗಿ ನೋಡುವ ಎಚ್‌ಬಿಎ1ಸಿ: ಇವುಗಳನ್ನೂ ಜೊತೆಗೇ ಮಾಡಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಮೊದಲ ಎರಡು ವಿಶೇಷವಾಗಿ ಮುಖ್ಯ.

ಇನ್ನು ಎನ್‌ಟಿ-ಪ್ರೊಬಿಎನ್‌ಪಿ. ಹೃದಯದ ಗೋಡೆ ಹಿಗ್ಗಿದಾಗ, ಒತ್ತಡಕ್ಕೆ ಸಿಕ್ಕಿದಾಗ ಹೃದಯದ ಜೀವಕೋಶಗಳೇ ರಕ್ತಕ್ಕೆ ಬಿಡುವ ವಸ್ತು ಇದು. ಲಯದೋಷದ ಮುನ್ಸೂಚನೆ ನೀಡುವ ರಕ್ತ ಸೂಚಕಗಳಲ್ಲಿ ಅತ್ಯಂತ ಗಟ್ಟಿಯಾಗಿ ನಿಂತಿರುವುದು ಇದೇ ವರ್ಗ. ವಯಸ್ಸು, ಎತ್ತರ, ತೂಕ, ರಕ್ತದೊತ್ತಡ, ಧೂಮಪಾನ, ಮಧುಮೇಹ, ಹಿಂದಿನ ಹೃದಯಾಘಾತ ಮುಂತಾದ ಸರಳ ಮಾಹಿತಿಯಿಂದ ಐದು ವರ್ಷದ ಅಪಾಯವನ್ನು ಅಂದಾಜಿಸುವ ಚಾರ್ಜ್-ಎಎಫ್ ಎಂಬ ಲೆಕ್ಕ 2013ರಲ್ಲಿ ಬಂತು. ಮರುವರ್ಷವೇ ಅದೇ ತಂಡ ಆ ಲೆಕ್ಕಕ್ಕೆ ಇದೇ ವರ್ಗದ ಬಿಎನ್‌ಪಿ ಮತ್ತು ಉರಿಯೂತದ ಸೂಚಕ ಸಿಆರ್‌ಪಿ ಎರಡನ್ನೂ ಸೇರಿಸಿ ನೋಡಿತು. ಬಿಎನ್‌ಪಿ ಸೇರಿದಾಗ ಅಂದಾಜು ಸ್ಪಷ್ಟವಾಗಿ ಸುಧಾರಿಸಿತು. ಸಿಆರ್‌ಪಿ ಸೇರಿದಾಗ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ‘ಉರಿಯೂತದ ಪ್ಯಾಕೇಜ್’ ಎಂಬ ಹೆಸರಿನ ಪರೀಕ್ಷೆಗಳ ಕಟ್ಟನ್ನು ಯಾರಾದರೂ ಮುಂದಿಟ್ಟಾಗ ಈ ಫಲಿತಾಂಶವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಈ ವರದಿಯನ್ನು ಓದುವಾಗ ಕೆಲವು ಎಚ್ಚರಿಕೆಗಳು. ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಒಂದೇ ಮೂಲದವಾದರೂ ಸಂಖ್ಯೆಗಳನ್ನು ಅದಲುಬದಲು ಮಾಡುವಂತಿಲ್ಲ. ಹೊರರೋಗಿಗಳಲ್ಲಿ ಹೃದಯ ವೈಫಲ್ಯವನ್ನು ತಳ್ಳಿಹಾಕಲು ಬಳಸುವ ಗಡಿ ಬಿಎನ್‌ಪಿಗೆ ಮಿಲಿಲೀಟರಿಗೆ 35 ಪಿಕೊಗ್ರಾಂ, ಎನ್‌ಟಿ-ಪ್ರೊಬಿಎನ್‌ಪಿಗೆ 125. ವಯಸ್ಸಾದಂತೆ, ಮೂತ್ರಪಿಂಡ ದುರ್ಬಲವಾದಂತೆ ಮಟ್ಟ ತಾನಾಗಿಯೇ ಏರುತ್ತದೆ. ಬೊಜ್ಜು ಇರುವವರಲ್ಲಿ ಹೃದಯಕ್ಕೆ ತೊಂದರೆ ಇದ್ದರೂ ಸಂಖ್ಯೆ ಕಡಿಮೆ ತೋರಿಸಬಹುದು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ರಕ್ತ ಕೊಡುವ ಮುಂಚೆ ತಿಳಿಸಬೇಕು, ಏಕೆಂದರೆ ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಮತ್ತು (ಹೃದಯಸ್ನಾಯುವಿನ ಹಾನಿ ತಿಳಿಸುವ) ಟ್ರೊಪೊನಿನ್ ಫಲಿತಾಂಶವನ್ನು ಕೆಡಿಸುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಏರಿದ್ದರೆ ಮುಂದಿನ ಪರೀಕ್ಷೆ ಇನ್ನೊಂದು ರಕ್ತ ಪರೀಕ್ಷೆಯಲ್ಲ, ಹೃದಯದ ಎಕೋ: ಹೃತ್ಕರ್ಣ ಹಿಗ್ಗಿದೆಯೇ, ಕವಾಟ ಸರಿಯಿದೆಯೇ ಎಂದು ಕಣ್ಣಾರೆ ನೋಡುವುದು.

ಹೆಜ್ಜೆ 3: ಸಿಆರ್‌ಪಿಯನ್ನು ಅದರ ಮಿತಿಯಲ್ಲೇ ಓದಿ

ಸಿ-ರಿಯಾಕ್ಟಿವ್ ಪ್ರೊಟೀನ್ ಹಳೆಯ ಪರಿಚಯ. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು 1930ರಲ್ಲಿ ಗುರುತಿಸಿದವರು ಅಮೆರಿಕದ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್. ದೇಹದಲ್ಲಿ ಎಲ್ಲಿಯಾದರೂ ಸೋಂಕು, ಗಾಯ, ಉರಿಯೂತ ಇದ್ದರೆ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ, ಯಕೃತ್ತು ಸಿಆರ್‌ಪಿಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮನೆಯೊಳಗೆ ಜಗಳ ನಡೆಯುತ್ತಿದೆ ಎಂದು ಬೀದಿಗೆ ಕೇಳಿಸಿದ ಹಾಗೆ ಇದು. ಯಾವ ಕೋಣೆಯಲ್ಲಿ, ಯಾರ ನಡುವೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅಳತೆಯ ಘಟಕ. ಕೆಲವು ಲ್ಯಾಬುಗಳು ಲೀಟರಿಗೆ ಮಿಲಿಗ್ರಾಂ ಎಂದು, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತವೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿಗೆ 0.4 ಎಂಬುದೂ ಲೀಟರಿಗೆ 4 ಎಂಬುದೂ ಒಂದೇ. ಹಿಂದಿನ ವರ್ಷದ ವರದಿಯ ಪಕ್ಕದಲ್ಲಿಟ್ಟು ‘ಹತ್ತು ಪಟ್ಟು ಏರಿತು’ ಎಂದು ಗಾಬರಿಯಾಗುವವರ ಸಮಸ್ಯೆ ಅನೇಕ ವೇಳೆ ಇಷ್ಟೇ ಆಗಿರುತ್ತದೆ. ಎರಡನೆಯದಾಗಿ, ಮಾಡಿಸಿದ್ದು ಸಾಮಾನ್ಯ ಸಿಆರ್‌ಪಿಯೋ ಅಥವಾ ಸೂಕ್ಷ್ಮ ಮಟ್ಟವನ್ನೂ ಹಿಡಿಯುವ ಎಚ್‌ಎಸ್-ಸಿಆರ್‌ಪಿಯೋ ನೋಡಿಕೊಳ್ಳಿ. ಹೃದಯದ ಅಪಾಯದ ಮಾತಿಗೆ ಎರಡನೆಯದೇ ಬೇಕು.

ಎಚ್‌ಎಸ್-ಸಿಆರ್‌ಪಿಯನ್ನು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂದು ಮೂರು ಮೆಟ್ಟಿಲುಗಳಾಗಿ ವಿಂಗಡಿಸುವ ಪದ್ಧತಿ 2003ರಿಂದ ಬಳಕೆಯಲ್ಲಿದೆ. ಈ ಮೆಟ್ಟಿಲುಗಳು ಹೃದಯಾಘಾತದಂಥ ರಕ್ತನಾಳದ ಕಾಯಿಲೆಗಳಿಗೆ ಹಾಕಿದವು, ಲಯದೋಷಕ್ಕಾಗಿ ಹಾಕಿದವಲ್ಲ. 10 ದಾಟಿದ್ದರೆ ಅದು ನೆಗಡಿ, ಜ್ವರ, ಹಲ್ಲಿನ ಕೀವು, ಇತ್ತೀಚಿನ ಲಸಿಕೆ ಅಥವಾ ಪೆಟ್ಟಿನ ಫಲವಾಗಿರಬಹುದು. ಮೈ ಸರಿಹೋದ ಮೇಲೆ ಮತ್ತೆ ಮಾಡಿಸಬೇಕು. ಒಂದೇ ಬಾರಿಯ ಸಂಖ್ಯೆಯನ್ನು ನಂಬಬೇಡಿ. ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ ಮಾತ್ರ, ಆದ್ದರಿಂದ ಕೆರಳಿಸಿದ ಕಾರಣ ಹೋದರೆ ಅದೂ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಈಗ ಕುತೂಹಲದ ಭಾಗಕ್ಕೆ ಬರೋಣ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಸಿಆರ್‌ಪಿ ಹೆಚ್ಚಿರುತ್ತದೆ ಎಂದು 2001ರಲ್ಲಿ ಒಂದು ಅಧ್ಯಯನ ಹೇಳಿತು. ಸಿಆರ್‌ಪಿ ಹೆಚ್ಚಿರುವ ಹಿರಿಯರಲ್ಲಿ ಮುಂದೆ ಈ ಲಯದೋಷ ಹೆಚ್ಚಾಗಿ ಕಾಣಿಸುತ್ತದೆ ಎಂದು 2003ರಲ್ಲಿ ಇನ್ನೊಂದು ತೋರಿಸಿತು. ಹಾಗಾದರೆ ಸಿಆರ್‌ಪಿಯೇ ಅಪರಾಧಿಯೇ? ಇದನ್ನು ಪರೀಕ್ಷಿಸಲು ಕೋಪನ್‌ಹೇಗನ್ನಿನ ಸಂಶೋಧಕರು ವಂಶವಾಹಿಯನ್ನೇ ಸಾಕ್ಷಿಯಾಗಿ ಕರೆದರು. ಕೆಲವರಿಗೆ ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚು ತಯಾರಾಗುವ ವಂಶವಾಹಿ ಇರುತ್ತದೆ. ಅವರ ಜೀವನಶೈಲಿ ಹೇಗೇ ಇರಲಿ, ಮಟ್ಟ ಜೀವನವಿಡೀ ತುಸು ಮೇಲೆಯೇ. ಸಿಆರ್‌ಪಿ ನಿಜಕ್ಕೂ ಹೃದಯವನ್ನು ಕೆರಳಿಸುವುದಾದರೆ ಇಂಥವರಲ್ಲಿ ಲಯದೋಷ ಹೆಚ್ಚಿರಬೇಕು. ಸುಮಾರು 47,000 ಜನರನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ರಕ್ತದಲ್ಲಿ ಅಳೆದ ಸಿಆರ್‌ಪಿಗೂ ಲಯದೋಷಕ್ಕೂ ನಂಟಿತ್ತು, ಆದರೆ ಸಿಆರ್‌ಪಿ ಹೆಚ್ಚಿಸುವ ವಂಶವಾಹಿಗೂ ಲಯದೋಷಕ್ಕೂ ನಂಟಿರಲಿಲ್ಲ. ಸಿಆರ್‌ಪಿ ಅಪರಾಧ ನಡೆದ ಸ್ಥಳದಲ್ಲಿ ನಿಂತಿದ್ದ ಸಾಕ್ಷಿ ಎಂದಾಯಿತು.

ಔಷಧದ ಪ್ರಯೋಗಗಳೂ ಇದೇ ದಿಕ್ಕಿನಲ್ಲಿ ಬೆರಳು ತೋರುತ್ತವೆ. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಎರಡು ಮೂರನೆಯ ದಿನ ಉರಿಯೂತ ಉತ್ತುಂಗಕ್ಕೆ ಏರುತ್ತದೆ, ಲಯ ತಪ್ಪುವುದೂ ಹೆಚ್ಚಾಗಿ ಆ ದಿನಗಳಲ್ಲೇ. ಇಂಥ 1,922 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಲೆಸ್ಟರಾಲ್ ಇಳಿಸುವ ರೊಸುವಾಸ್ಟಾಟಿನ್ ಮಾತ್ರೆ ಪಡೆದವರ ಸಿಆರ್‌ಪಿ ಇಳಿಯಿತು, ಆದರೆ ಲಯ ತಪ್ಪಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹತ್ತಿರ ಹತ್ತಿರ ಶೇ 21ರಷ್ಟೇ ಉಳಿಯಿತು. ಎದೆಗೂಡಿನ ಇತರ ಶಸ್ತ್ರಚಿಕಿತ್ಸೆಗೆ ಒಳಗಾದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಉರಿಯೂತ ತಗ್ಗಿಸುವ ಕೊಲ್ಚಿಸಿನ್ ಪ್ರಯೋಗಿಸಿದ 2023ರ ಅಧ್ಯಯನವೂ ನಿರ್ಣಾಯಕ ಲಾಭವನ್ನು ತೋರಲಿಲ್ಲ.

ಹಾಗೆಂದು ಉರಿಯೂತಕ್ಕೂ ಲಯಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಸಿಆರ್‌ಪಿಗಿಂತ ಮೇಲಿನ ಹಂತದಲ್ಲಿರುವ ಇಂಟರ್‌ಲ್ಯೂಕಿನ್-6ರ ಕಥೆ ಬೇರೆ: ಅದರ ಗ್ರಾಹಕದ ಕೆಲಸವನ್ನು ಹುಟ್ಟಿನಿಂದಲೇ ತುಸು ಕುಗ್ಗಿಸುವ ವಂಶವಾಹಿ ಬದಲಾವಣೆ ಇರುವವರಲ್ಲಿ ಅಪಾಯ ಸ್ವಲ್ಪ ಕಡಿಮೆ ಎಂದು ವಂಶವಾಹಿ ಅಧ್ಯಯನಗಳು ಸೂಚಿಸುತ್ತವೆ. ಹೃತ್ಕರ್ಣದ ಸ್ನಾಯುಕೋಶಗಳ ಒಳಗೇ ಎನ್‌ಎಲ್‌ಆರ್‌ಪಿ3 ಎಂಬ ಉರಿಯೂತದ ಯಂತ್ರಾಂಗ ಚುರುಕಾಗುವುದನ್ನು 2018ರ ಸಂಶೋಧನೆ ತೋರಿಸಿದೆ. ಆದರೆ ಇವು ಪ್ರಯೋಗಾಲಯದ ತಿಳಿವಳಿಕೆ. ಇಂಟರ್‌ಲ್ಯೂಕಿನ್-6 ಮಟ್ಟವನ್ನು ಅಳೆಸಿಕೊಂಡು ಬಂದರೆ ವೈದ್ಯರು ಮಾಡುವ ಚಿಕಿತ್ಸೆ ಇವತ್ತಿಗೆ ಬದಲಾಗುವುದಿಲ್ಲ. ಉರಿಯೂತದ ಇತರ ಸೂಚಕಗಳಾದ ಇಎಸ್‌ಆರ್, ಫೈಬ್ರಿನೋಜನ್, ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತಗಳಿಗೂ ಇದೇ ಮಾತು.

ಎರಡು ಬಾರಿ ಅಳೆದರೂ ಎಚ್‌ಎಸ್-ಸಿಆರ್‌ಪಿ 3ರ ಮೇಲೆಯೇ ನಿಂತಿದ್ದರೆ ಆಗ ಕೋಣೆಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಹೊಟ್ಟೆಯ ಸುತ್ತಲಿನ ಬೊಜ್ಜು, ಧೂಮಪಾನ, ವಸಡಿನ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಸಂಧಿವಾತ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಸುಮಾರು ಶೇ 40ರಷ್ಟು ಹೆಚ್ಚು ಎಂದು ಡೆನ್ಮಾರ್ಕಿನ 2012ರ ಅಧ್ಯಯನ ಕಂಡುಕೊಂಡಿತ್ತು. ಇವುಗಳಲ್ಲಿ ಯಾವುದು ಸಿಕ್ಕರೂ ಚಿಕಿತ್ಸೆ ಅದಕ್ಕೆ, ಸಂಖ್ಯೆಗೆ ಅಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಉರಿಯೂತಕ್ಕೆ ಒಳ್ಳೆಯದು’ ಎಂದು ಮೀನೆಣ್ಣೆಯ ಮಾತ್ರೆಗಳನ್ನು ತಾವಾಗಿಯೇ ನುಂಗುವವರು ಬಹಳ ಜನ. ಒಮೆಗಾ-3 ಮಾತ್ರೆಗಳ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಶೇ 25ರಷ್ಟು ಹೆಚ್ಚಿತ್ತು, ದಿನಕ್ಕೆ 1 ಗ್ರಾಂ ಮೀರಿದವರಲ್ಲಿ ಶೇ 49ರಷ್ಟು. ಲಯದ ಭಯದಿಂದ ಮೀನೆಣ್ಣೆ ಸೇವಿಸುವುದು ಉಲ್ಟಾ ದಾರಿ. ವೈದ್ಯರೇ ಬೇರೆ ಕಾರಣಕ್ಕೆ ಬರೆದುಕೊಟ್ಟಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಹೆಜ್ಜೆ 4: ವಂಶವಾಹಿ ಪರೀಕ್ಷೆಗೆ ಮೊದಲು ಮನೆತನದ ನಕ್ಷೆ ಬರೆಯಿರಿ

ಒಂದು ಹಾಳೆ, ಒಂದು ಪೆನ್ನು ಸಾಕು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಅಜ್ಜ ಅಜ್ಜಿಯರು, ಚಿಕ್ಕಪ್ಪ ದೊಡ್ಡಪ್ಪ, ಸೋದರಮಾವ, ಅತ್ತೆ ಹೀಗೆ ಮೂರು ತಲೆಮಾರು. ಪ್ರತಿಯೊಬ್ಬರ ಪಕ್ಕದಲ್ಲಿ ಲಯದೋಷ ಕಾಣಿಸಿಕೊಂಡ ವಯಸ್ಸು, ಪೇಸ್‌ಮೇಕರ್ ಹಾಕಿಸಿದ್ದರೆ ಅದು, ಹೃದಯ ದೊಡ್ಡದಾಗಿದೆ ಎಂದು ವೈದ್ಯರು ಹೇಳಿದ್ದರೆ ಅದು, ಪಾರ್ಶ್ವವಾಯು, ಮತ್ತು 50ಕ್ಕೂ ಮೊದಲು ಕಾರಣ ತಿಳಿಯದ ಹಠಾತ್ ಸಾವು. ‘ನಿದ್ದೆಯಲ್ಲೇ ಹೋದರು’, ‘ಈಜುವಾಗ ಮುಳುಗಿದರು’ ಎಂಬ ಹಳೆಯ ಸುದ್ದಿಗಳನ್ನೂ ಬಿಡಬೇಡಿ. ಹಿರಿಯರನ್ನು ಕೇಳುವಾಗ ರೋಗದ ಹೆಸರು ಹೇಳಿದರೆ ಉತ್ತರ ಸಿಗದಿರಬಹುದು. ‘ಎದೆ ಹಾರುತ್ತಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ’ ಎಂದು ಕೇಳಿದರೆ ನೆನಪು ಬಿಚ್ಚಿಕೊಳ್ಳುತ್ತದೆ.

ಹತ್ತಿರದ ರಕ್ತಸಂಬಂಧಿಯಲ್ಲಿ ಈ ಲಯದೋಷ ಇದ್ದವರಿಗೆ ಅಪಾಯ ಸುಮಾರು ಶೇ 40ರಷ್ಟು ಹೆಚ್ಚು ಎಂದು ಫ್ರೇಮಿಂಗ್‌ಹ್ಯಾಮಿನ 2010ರ ವರದಿ ಹೇಳುತ್ತದೆ. ಸಂಬಂಧಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ನಂಟು ಇನ್ನೂ ಗಟ್ಟಿ. ಎಂಬತ್ತರಲ್ಲಿ ಅಜ್ಜನಿಗೆ ಬಂದದ್ದು ವಂಶವಾಹಿಗಿಂತ ವಯಸ್ಸಿನ ಬಳುವಳಿ ಆಗಿರುವ ಸಾಧ್ಯತೆಯೇ ಹೆಚ್ಚು.

ಹೆಜ್ಜೆ 5: ಎರಡು ಬಗೆಯ ವಂಶವಾಹಿ ಪರೀಕ್ಷೆಗಳನ್ನು ಬೆರೆಸಬೇಡಿ

ಒಂದು ಬಗೆ, ಅಪರೂಪದ ಆದರೆ ಬಲವಾದ ಒಂದೇ ಬದಲಾವಣೆಯನ್ನು ಹುಡುಕುತ್ತದೆ. ಇನ್ನೊಂದು, ಬಹುಮಂದಿಯಲ್ಲಿ ಇರುವ ದುರ್ಬಲ ಬದಲಾವಣೆಗಳನ್ನು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಕೂಡಿಸಿ ಒಂದು ಅಂಕ ಕೊಡುತ್ತದೆ. ಎರಡರ ಉಪಯೋಗವೂ ಬೇರೆ, ಮಿತಿಯೂ ಬೇರೆ.

ಮೊದಲನೆಯದರ ಚರಿತ್ರೆ 2003ಕ್ಕೆ ಹೋಗುತ್ತದೆ. ಚೀನಾದ ಒಂದು ಕುಟುಂಬದಲ್ಲಿ ತಲೆಮಾರುಗಳಿಂದ ಹರಿದುಬಂದ ಲಯದೋಷಕ್ಕೆ ಕೆಸಿಎನ್‌ಕ್ಯೂ1 ವಂಶವಾಹಿಯ ಒಂದು ಬದಲಾವಣೆ ಕಾರಣ ಎಂದು ಆಗ ಗೊತ್ತಾಯಿತು; ಅದರಿಂದ ಪೊಟ್ಯಾಸಿಯಂ ಸಾಗುವ ದ್ವಾರ ಅತಿಯಾಗಿ ತೆರೆದುಕೊಳ್ಳುತ್ತಿತ್ತು. ಆಮೇಲೆ ಗಮನ ಹೃದಯ ಸ್ನಾಯುವಿನ ಕಟ್ಟಡಕ್ಕೆ ಸಂಬಂಧಿಸಿದ ವಂಶವಾಹಿಗಳ ಕಡೆಗೆ ಹೊರಳಿತು. ಟೈಟಿನ್ ಎಂಬ ದೈತ್ಯ ಪ್ರೊಟೀನಿನ ವಂಶವಾಹಿಯಾದ ಟಿಟಿಎನ್ ಅರ್ಧಕ್ಕೆ ತುಂಡಾದಂತಿರುವವರಲ್ಲಿ ಚಿಕ್ಕ ವಯಸ್ಸಿನ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚು ಎಂದು 2018ರ ಅಧ್ಯಯನ ತೋರಿಸಿತು. ಎಲ್‌ಎಂಎನ್‌ಎ ಎಂಬ ವಂಶವಾಹಿಯ ಬದಲಾವಣೆ ಇನ್ನೂ ಗಂಭೀರ: ಲಯದೋಷದ ಜೊತೆಗೆ ವಿದ್ಯುತ್ ಸಂಚಾರ ತಡೆ, ಸ್ನಾಯು ದುರ್ಬಲತೆ, ಹಠಾತ್ ಸಾವಿನ ಅಪಾಯ ಎಲ್ಲವನ್ನೂ ಹೊತ್ತು ತರಬಲ್ಲದು. ಇಂಥವರಲ್ಲಿ ಲಯದೋಷವು ಮುಂದೆ ಬರಲಿರುವ ದೊಡ್ಡ ಕಾಯಿಲೆಯ ಮೊದಲ ಹೆಜ್ಜೆಯಾಗಿರಬಹುದು. ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಇದು ಯಾರಿಗೆ? ಅಮೆರಿಕದ ಹೃದ್ರೋಗ ತಜ್ಞರ ಸಂಘಗಳ 2023ರ ಮಾರ್ಗಸೂಚಿಯ ಪ್ರಕಾರ, ಬೊಜ್ಜು, ರಕ್ತದೊತ್ತಡದಂಥ ಎದ್ದುಕಾಣುವ ಕಾರಣವಿಲ್ಲದೆ 45ಕ್ಕೂ ಮೊದಲೇ ಏಟ್ರಿಯಲ್ ಫಿಬ್ರಿಲೇಷನ್ ಬಂದವರಲ್ಲಿ ಇದನ್ನು ಪರಿಗಣಿಸಬಹುದು. ಮಾಡಿಸಲೇಬೇಕು ಎಂದು ಅದು ಹೇಳುವುದಿಲ್ಲ. 66ಕ್ಕೂ ಮೊದಲು ಈ ಕಾಯಿಲೆ ಬಂದ 1,293 ಜನರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 10 ಮಂದಿಯಲ್ಲಿ ಕಾಯಿಲೆಗೆ ಸಂಬಂಧಿಸಿದ ಬದಲಾವಣೆ ಸಿಕ್ಕಿತು. 30ರೊಳಗೆ ಬಂದವರಲ್ಲಿ ಪ್ರಮಾಣ ಶೇ 17ರ ಹತ್ತಿರ. ಎಪ್ಪತ್ತರಲ್ಲಿ, ಅಧಿಕ ರಕ್ತದೊತ್ತಡದೊಂದಿಗೆ ಮೊದಲ ಬಾರಿ ಲಯ ತಪ್ಪಿದವರಿಗೆ ಈ ಪರೀಕ್ಷೆಯಿಂದ ಸಿಗುವುದು ಕಡಿಮೆ.

ವರದಿಯಲ್ಲಿ ಪ್ರತಿ ಬದಲಾವಣೆಯ ಮುಂದೆಯೂ ಐದರಲ್ಲಿ ಒಂದು ಮಾತು ಇರುತ್ತದೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಿಲ್ಲ, ಬಹುಶಃ ನಿರಪಾಯ, ನಿರಪಾಯ. ಮೊದಲ ಎರಡಕ್ಕೆ ಮಾತ್ರ ಕ್ರಮ ಕೈಗೊಳ್ಳುವುದು. ‘ಅರ್ಥ ಖಚಿತವಿಲ್ಲ’ ಎಂಬುದನ್ನು ಅರ್ಧ ಕೆಟ್ಟ ಸುದ್ದಿ ಎಂದು ಓದುವವರಿದ್ದಾರೆ. ಅದು ಸುದ್ದಿಯೇ ಅಲ್ಲ. ಅದರ ಆಧಾರದ ಮೇಲೆ ಮನೆಯ ಉಳಿದವರ ರಕ್ತವನ್ನು ಪರೀಕ್ಷೆಗೆ ಕಳುಹಿಸುವುದೂ, ‘ಏನೂ ಇಲ್ಲ’ ಎಂದು ನಿರಾಳರಾಗುವುದೂ ಎರಡೂ ತಪ್ಪು. ಮನೆಗೇ ಕಿಟ್ ತರಿಸಿಕೊಂಡು ಪಡೆದ ಕಚ್ಚಾ ದತ್ತಾಂಶದಲ್ಲಿ ‘ರೋಗಕಾರಕ’ ಎಂದು ಕಂಡಿದ್ದರೆ ವೈದ್ಯಕೀಯ ಲ್ಯಾಬಿನಲ್ಲಿ ಮರುಪರೀಕ್ಷೆ ಆಗದೆ ಅದಕ್ಕೆ ಬೆಲೆ ಕೊಡಬೇಡಿ. ಇಂಥ ದತ್ತಾಂಶದಲ್ಲಿ ಇಲ್ಲದ ಬದಲಾವಣೆ ಇದೆಯೆಂದು ತೋರುವುದು ಸಾಕಷ್ಟು ಸಾಮಾನ್ಯ.

ಎರಡನೆಯ ಬಗೆಯ ಹಿಂದಿನ ಕಥೆ ಸೊಗಸಾಗಿದೆ. ಲಯ ತಪ್ಪಿಸುವ ಬಡಿತಗಳು ಬಹುತೇಕ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳ ಬಾಯಲ್ಲಿ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೊದ ಮಿಶೆಲ್ ಹೈಸಗೆರ್ ತಂಡ 1998ರಲ್ಲಿ ತೋರಿಸಿತ್ತು. ಒಂಬತ್ತು ವರ್ಷಗಳ ಬಳಿಕ, 2007ರಲ್ಲಿ, ಐಸ್‌ಲ್ಯಾಂಡಿನ ಸಂಶೋಧಕರು ಸಾವಿರಾರು ಜನರ ವಂಶವಾಹಿಗಳನ್ನು ಜಾಲಾಡಿದಾಗ ನಾಲ್ಕನೆಯ ವರ್ಣತಂತುವಿನ ಒಂದು ತಾಣ ಎದ್ದು ಕಂಡಿತು. ಅಲ್ಲಿನ ಒಂದು ಬದಲಾವಣೆಯ ಒಂದೊಂದು ನಕಲೂ ಅಪಾಯವನ್ನು ಸುಮಾರು 1.7 ಪಟ್ಟು ಹೆಚ್ಚಿಸುತ್ತಿತ್ತು. ಆ ತಾಣದ ಪಕ್ಕದಲ್ಲೇ ಇರುವ ವಂಶವಾಹಿ ಪಿಐಟಿಎಕ್ಸ್2. ಭ್ರೂಣದಲ್ಲಿ ಹೃದಯದ ಎಡ ಬಲಗಳನ್ನು ನಿರ್ಧರಿಸುವುದು, ಅದೇ ಶ್ವಾಸಕೋಶದ ಅಭಿಧಮನಿಗಳ ಸ್ನಾಯುಪದರವನ್ನು ರೂಪಿಸುವುದು ಅದರ ಕೆಲಸ! ರೋಗಿಗಳ ಹೃದಯದಲ್ಲಿ ಕಂಡದ್ದನ್ನು ಕಂಪ್ಯೂಟರ್ ಬೇರೆ ದಾರಿಯಿಂದ ಬಂದು ಮುಟ್ಟಿತ್ತು. 2018ರ ಹೊತ್ತಿಗೆ ಇಂಥ ತಾಣಗಳ ಸಂಖ್ಯೆ ನೂರರ ಆಸುಪಾಸಿಗೆ ಬಂತು.

ಇವೆಲ್ಲವನ್ನೂ ಕೂಡಿಸಿ ಕೊಡುವ ಅಂಕವೇ ಪಾಲಿಜೆನಿಕ್ ಅಂಕ. ನಿಮ್ಮ ಅಂಕ ‘90ನೆಯ ಶತಮಾನಕದಲ್ಲಿದೆ’ ಎಂದರೆ ನೂರು ಜನರ ಸಾಲಿನಲ್ಲಿ ತೊಂಬತ್ತು ಜನರಿಗಿಂತ ಮುಂದೆ ನಿಂತಿದ್ದೀರಿ ಎಂದಷ್ಟೇ; ರೋಗ ಬರುವ ಸಾಧ್ಯತೆ ಶೇ 90 ಎಂದಲ್ಲ. ‘ಎರಡು ಪಟ್ಟು ಅಪಾಯ’ ಎಂಬ ಮಾತನ್ನೂ ವಯಸ್ಸಿನ ಜೊತೆ ಇಟ್ಟು ನೋಡಬೇಕು. ಐದು ವರ್ಷದ ಮೂಲ ಅಪಾಯ ಶೇ 1 ಇರುವವರಿಗೆ ಎರಡು ಪಟ್ಟೆಂದರೆ ಶೇ 2. ಮೂಲ ಅಪಾಯವೇ ಶೇ 10 ಇರುವವರಿಗೆ ಶೇ 20. ಇನ್ನೊಂದು ಕೊರತೆ ನೇರವಾಗಿ ಹೇಳಬೇಕಾದದ್ದು: ಈ ಅಂಕಗಳನ್ನು ರೂಪಿಸಲು ಬಳಸಿದ ದತ್ತಾಂಶದಲ್ಲಿ ಯುರೋಪ್ ಮೂಲದವರೇ ಬಹುಪಾಲು. ಬೇರೆ ಮೂಲದವರಲ್ಲಿ ಅದೇ ಅಂಕ ಅಷ್ಟೇ ನಿಖರವಾಗಿ ಹೊಂದುವುದಿಲ್ಲ. ಯಾವ ಜನಸಮುದಾಯದಲ್ಲಿ ಪರೀಕ್ಷಿಸಿದ ಅಂಕ ಇದು ಎಂದು ವರದಿ ಕೊಟ್ಟವರನ್ನೇ ಕೇಳಿ.

ಹೆಜ್ಜೆ 6: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ವಂಶವಾಹಿ ಮತ್ತು ದೇಹಸ್ಥಿತಿ ಎರಡನ್ನೂ ಜೊತೆಗಿಟ್ಟು ನೋಡಿದ ಫ್ರೇಮಿಂಗ್‌ಹ್ಯಾಮಿನ 2018ರ ಲೆಕ್ಕ ಇಲ್ಲಿ ಉಪಯುಕ್ತ. 55 ದಾಟಿದವರ ಉಳಿದ ಜೀವಮಾನದ ಅಪಾಯ ಒಟ್ಟಾರೆ ಶೇ 37. ವಂಶವಾಹಿ ಅಂಕ, ರಕ್ತದೊತ್ತಡ-ತೂಕದಂಥ ದೈಹಿಕ ಅಂಶಗಳು ಎರಡೂ ಕೆಳಗಿರುವವರಲ್ಲಿ ಶೇ 22, ಎರಡೂ ಮೇಲಿರುವವರಲ್ಲಿ ಶೇ 48. ‘ಉತ್ತಮ’ ಎನಿಸಿಕೊಂಡ ಗುಂಪಿನಲ್ಲೂ ಐವರಲ್ಲಿ ಒಬ್ಬರಿಗೆ ಬರುತ್ತದೆ, ‘ಕೆಟ್ಟ’ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರುವುದಿಲ್ಲ.

ಆದ್ದರಿಂದ ಹಾಳೆಯ ಮೇಲ್ಭಾಗದಲ್ಲಿ ಬದಲಿಸಬಹುದಾದದ್ದನ್ನು ಬರೆಯಿರಿ. ಮೊದಲ ಸಾಲು ರಕ್ತದೊತ್ತಡ. ಎರಡನೆಯದು ತೂಕ: ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕದ ಶೇ 10ರಷ್ಟನ್ನು ಇಳಿಸಿ ಉಳಿಸಿಕೊಂಡ ರೋಗಿಗಳು ಲಯದೋಷದಿಂದ ಮುಕ್ತರಾಗಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಮೂರನೆಯದು ಮದ್ಯ: ನಿಯಮಿತವಾಗಿ ಕುಡಿಯುತ್ತಿದ್ದ 140 ರೋಗಿಗಳ 2020ರ ಪ್ರಯೋಗದಲ್ಲಿ ಆರು ತಿಂಗಳೊಳಗೆ ಲಯದೋಷ ಮರುಕಳಿಸಿದ್ದು ಕುಡಿಯುವುದನ್ನು ಮುಂದುವರಿಸಿದವರಲ್ಲಿ ಶೇ 73, ಬಿಡಲು ಹೊರಟವರಲ್ಲಿ ಶೇ 53. ಗೊರಕೆ ಮತ್ತು ಹಗಲಿನ ತೂಕಡಿಕೆ ಇದ್ದರೆ ನಿದ್ರೆಯ ಪರೀಕ್ಷೆ ನಾಲ್ಕನೆಯ ಸಾಲಿಗೆ. ಯಾವ ಉರಿಯೂತ ಸೂಚಕದ ಮೇಲೂ ಇಷ್ಟು ನೇರವಾದ ಲಾಭದ ಲೆಕ್ಕ ಇಲ್ಲ.

ಹೆಜ್ಜೆ 7: ವೈದ್ಯರ ಮುಂದೆ ಕುಳಿತಾಗ

ನಾಡಿ ನೋಡಿದ ದಿನಾಂಕಗಳು, ಇಸಿಜಿ, ಎರಡು ಬಾರಿಯ ಎಚ್‌ಎಸ್-ಸಿಆರ್‌ಪಿ, ಟಿಎಸ್‌ಎಚ್, ಮನೆತನದ ನಕ್ಷೆ ಮತ್ತು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿ, ಅಂಗಡಿಯಿಂದ ತಾವೇ ಕೊಂಡ ಪುಡಿ-ಎಣ್ಣೆಗಳೂ ಸೇರಿ, ಜೊತೆಗಿರಲಿ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ನನಗೆ ಹೆಚ್ಚು ದಿನದ ಇಸಿಜಿ ದಾಖಲೆ ಬೇಕೇ? ಎಕೋ ಮಾಡಿಸಬೇಕೇ? ನನ್ನ ವಯಸ್ಸಿಗೆ, ಮನೆತನಕ್ಕೆ ವಂಶವಾಹಿ ಪರೀಕ್ಷೆ ಬೇಕೇ, ಬೇಕಾದರೆ ಮೊದಲು ವಂಶವಾಹಿ ಸಲಹೆಗಾರರನ್ನು ಕಾಣಬೇಕೇ?

ಲಯದೋಷ ಇಸಿಜಿಯಲ್ಲಿ ಖಚಿತವಾದರೆ ರಕ್ತ ತೆಳುವಾಗಿಸುವ ಮಾತ್ರೆಯ ಪ್ರಶ್ನೆ ಬರುತ್ತದೆ. ಅದನ್ನು ತೀರ್ಮಾನಿಸುವುದು ವಯಸ್ಸು, ರಕ್ತದೊತ್ತಡ, ಮಧುಮೇಹ, ಹೃದಯ ವೈಫಲ್ಯ, ರಕ್ತನಾಳದ ಕಾಯಿಲೆ, ಹಿಂದಿನ ಪಾರ್ಶ್ವವಾಯು ಇವುಗಳ ಅಂಕ. ಸಿಆರ್‌ಪಿ ಕಡಿಮೆಯಿದೆ ಎಂದು ಆ ಮಾತ್ರೆಯನ್ನು ಬಿಡುವುದು, ಸಿಆರ್‌ಪಿ ಹೆಚ್ಚಿದೆ ಎಂದು ತಾವಾಗಿಯೇ ಆಸ್ಪಿರಿನ್ ಶುರುಮಾಡುವುದು ಎರಡೂ ಅಪಾಯಕಾರಿ. ಈ ಲಯದೋಷದಿಂದ ಆಗುವ ಪಾರ್ಶ್ವವಾಯುವನ್ನು ತಡೆಯುವುದರಲ್ಲಿ ಆಸ್ಪಿರಿನ್ ಆ ಮಾತ್ರೆಗಳಿಗೆ ಸಮವಲ್ಲ, ರಕ್ತಸ್ರಾವದ ಅಪಾಯ ಮಾತ್ರ ಅದಕ್ಕೂ ಇದ್ದೇ ಇದೆ.

ವಂಶವಾಹಿ ಪರೀಕ್ಷೆ ಮಾಡಿಸಿ, ರೋಗಕಾರಕ ಬದಲಾವಣೆ ಸಿಕ್ಕಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಅವರಿಗೆ ಸುದ್ದಿ ಮುಟ್ಟಿಸುವಾಗ ವರದಿಯ ಪ್ರತಿಯನ್ನೇ ಕೊಡಿ, ಬಾಯಿಮಾತಿನಲ್ಲಿ ವಂಶವಾಹಿಯ ಹೆಸರು ಕೆಟ್ಟುಹೋಗುತ್ತದೆ. ಆ ಒಂದೇ ಬದಲಾವಣೆಯನ್ನು ಹುಡುಕಿಸಿದರೆ ಅವರಿಗೆ ಸಾಕು, ಇಡೀ ಪಟ್ಟಿಯನ್ನು ಮತ್ತೆ ಮಾಡಿಸಬೇಕಿಲ್ಲ. ‘ಅರ್ಥ ಖಚಿತವಿಲ್ಲ’ ಎಂದು ಬಂದಿದ್ದರೆ ವರದಿಯನ್ನು ಜೋಪಾನವಾಗಿಟ್ಟು, ಎರಡು ಮೂರು ವರ್ಷಗಳ ಬಳಿಕ ಅದೇ ಲ್ಯಾಬಿಗೆ ಮರುಪರಿಶೀಲನೆಗೆ ಕೋರಿಕೆ ಸಲ್ಲಿಸಿ. ಹೊಸ ತಿಳಿವಳಿಕೆ ಬಂದಂತೆ ವರ್ಗೀಕರಣ ಬದಲಾಗುತ್ತಿರುತ್ತದೆ, ಅದಕ್ಕಾಗಿ ಮತ್ತೆ ರಕ್ತ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.